ಕೈ ಎತ್ತಿಸುವವನು

ಹಸಿರು ಪರದೆಯ ಆಚೆ ಹೆಂಡತಿ ನಕ್ಕದ್ದು ಕೇಳಿ, ಬೆಂಚಿನ ಮೇಲೆ ಕೂತಿದ್ದ ಬಸ್ ಡ್ರೈವರನ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಯಿತು. ಆಪರೇಷನ್ ಆಗಿ ಒಂದು ತಿಂಗಳು. ಎದೆಯ ಗಡ್ಡೆಯ ಜೊತೆ ಅವಳ ನಗುವನ್ನೂ ತೆಗೆದುಬಿಟ್ಟರೇನೋ ಎಂದುಕೊಂಡಿದ್ದ. ನಗು ಇತ್ತು. ಅವನ ಪಾಲಿಗಿರಲಿಲ್ಲ, ಅಷ್ಟೆ.

"ಅಕ್ಕಾ, ಬೆರಳು ಗೋಡೆ ಮೇಲೆ ಇರುವೆ ಥರ ಹತ್ಬೇಕು. ನಿಮ್ಮ ಇರುವೆ ಶುದ್ಧ ಸೋಮಾರಿ" ಎನ್ನುತ್ತಿದ್ದ, ಆಪರೇಷನ್ ಆದ ಕಡೆಯ ಕೈಗೆ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗ.

"ತಾಳಪ್ಪಾ, ಅದಕ್ಕೂ ನನ್ನಷ್ಟೇ ವಯಸ್ಸಾಗಿದೆ."

ಸಣ್ಣ ಊರಿನ ಆಸ್ಪತ್ರೆಯಾದರೂ ಅಲ್ಲಿ ಅವಳೊಬ್ಬಳಿಗೆ ನಾಲ್ಕಾರು ಜನ. ಸರ್ಜನ್, ನರ್ಸಮ್ಮ, ಫಿಸಿಯೋ ಎಲ್ಲರೂ ಗುರುವಾರ ಒಂದೇ ಮೇಜಿನ ಸುತ್ತ ಕೂತು ಅವಳ ಬಗ್ಗೆ ಮಾತಾಡುತ್ತಿದ್ದರು. ರೇಡಿಯೇಶನ್ ಡಾಕ್ಟರು ದೊಡ್ಡ ಊರಿನಿಂದ ವಿಡಿಯೋ ಕಾಲ್ ಮಾಡಿ ಗೋಡೆಯ ಟಿವಿಯಲ್ಲಿ ಸೇರುತ್ತಿದ್ದರು. ಪುಣ್ಯವಂತೆ ಎಂದರು ನೆಂಟರು. ಡ್ರೈವರ್‌ಗೆ ಮಾತ್ರ ಇಪ್ಪತ್ತಾರು ವರ್ಷದ ಸಂಸಾರವನ್ನು ಆ ಮೇಜಿನ ಮೇಲೆ ಹರಡಿಕೊಂಡಂತೆ ಕಾಣುತ್ತಿತ್ತು.

"ಕನ್ನಡಿ ನೋಡಕ್ಕೆ ಹೆದ್ರಿಕೆ ಆಗುತ್ತೆ ಅಂತ ಆ ಹುಡುಗನ ಹತ್ರ ಹೇಳ್ಬಿಟ್ಟೆ" ಎಂದಳು ಅವಳು ಮನೆಗೆ ಬರುವಾಗ.

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ನೀವು 'ಏನಾಗಲ್ಲ ಸುಮ್ನಿರು' ಅಂತೀರಿ. ಆಮೇಲೆ ನಾನೇನು ಹೇಳ್ಲಿ?"

ಮರುದಿನವೇ ಅವನು ಸುಳ್ಳು ಹೇಳಿದ. ಫಿಸಿಯೋ ರಜಾ ಹಾಕಿದ್ದಾನೆ ಎಂದು ಹೆಂಡತಿಗೆ, ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಫೋನು ಮಾಡಿದ ನರ್ಸಮ್ಮನಿಗೆ. ಎರಡು ವಾರ ಅವಳನ್ನು ಅಲುಗಾಡಲು ಬಿಡಲಿಲ್ಲ. ತಾನೇ ತಲೆ ಬಾಚಿದ, ತಾನೇ ರವಿಕೆಯ ಗುಂಡಿ ಹಾಕಿದ. ಅವಳ ಕೈ ಸೋತಷ್ಟೂ ಅವನ ಕೈಗೆ ಕೆಲಸ ಸಿಕ್ಕಿತು. ಒಳಗೊಳಗೇ ಖುಷಿಪಟ್ಟ.

ರೇಡಿಯೇಶನ್‌ಗೆ ಅಳತೆ ತೆಗೆಯುವ ದಿನ ಅವಳ ಕೈ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಆ ಗುರುವಾರ ಗಂಡ ಹೆಂಡತಿ ಇಬ್ಬರನ್ನೂ ಮೇಜಿನ ಹತ್ತಿರ ಕರೆದರು.

"ಕೈ ತಲೆ ಮೇಲೆ ಹೋಗ್ದಿದ್ರೆ ಯಂತ್ರದ ಕೆಳಗೆ ಮಲಗಿಸೋಕಾಗಲ್ಲ. ತೀರಾ ತಡ ಆದ್ರೆ ಕಾಯಿಲೆಗೆ ನಾವೇ ದಾರಿ ಬಿಟ್ಟಂಗೆ" ಎಂದರು ಟಿವಿಯಲ್ಲಿದ್ದ ಡಾಕ್ಟರು.

ಸರ್ಜನ್ ಫಿಸಿಯೋ ಕಡೆ ತಿರುಗಿದರು. "ಎರಡು ವಾರ ಏನ್ರೀ ಮಾಡ್ತಿದ್ರಿ?"

ಫಿಸಿಯೋ ಒಮ್ಮೆ ಡ್ರೈವರನ ಮುಖ ನೋಡಿದ. "ನಾನೇ ಮನೆಗೆ ಹೋಗಿ ವಿಚಾರಿಸ್ಬೇಕಿತ್ತು ಸರ್. ತಪ್ಪಾಯ್ತು."

ಬೈಸಿಕೊಳ್ಳಲಿ ಎಂದು ಕಾದಿದ್ದ ಡ್ರೈವರ್‌ಗೆ ಸಮಾಧಾನವಾಗಲಿಲ್ಲ. ಈ ದೊಡ್ಡತನವೂ ಅವನಿಗೇ ಸಿಕ್ಕಿತಲ್ಲ ಎಂದು ಇನ್ನಷ್ಟು ಉರಿಯಿತು.

"ನೀನು ರಜಾ ಹಾಕಿರ್ಲಿಲ್ವಾ?" ಎಂದಳು ಹೆಂಡತಿ ಫಿಸಿಯೋಗೆ.

ಫಿಸಿಯೋ ಮುಂದಿದ್ದ ಫೈಲಿನ ಹಾಳೆ ತಿರುವಿದ.

"ಹಾಕಿರ್ಲಿಲ್ಲ" ಎಂದ ಡ್ರೈವರ್. "ನಾನು ಸುಳ್ಳು ಹೇಳ್ದೆ."

"ಯಾಕ್ರೀ?" ಎಂದರು ಸರ್ಜನ್.

ಬಸ್ಸಿನಲ್ಲಿ ನೂರು ಜನಕ್ಕೆ ಗದರುತ್ತಿದ್ದವನು ಮೇಜಿನ ಅಂಚು ನೋಡುತ್ತ ಹೇಳಿದ. "ಇವ್ರ ಹತ್ರ ನಗ್ತಾಳೆ ಸಾರ್. ಮನೇಲಿ ನಗಲ್ಲ."

ನರ್ಸಮ್ಮ ಬರೆಯುವುದನ್ನು ನಿಲ್ಲಿಸಿದಳು. ಕೊನೆಗೆ ಸರ್ಜನ್, ದಿನಕ್ಕೆ ಮೂರು ಸಲದಂತೆ ಹತ್ತು ದಿನ ವ್ಯಾಯಾಮ ಮಾಡಿಸಿ ನೋಡೋಣ ಎಂದರು.

"ನಿಮ್ಮ ಹೊಟ್ಟೆಕಿಚ್ಚಿಗೆ ನನ್ನ ಜೀವಾನೇ ಸೌದೆ ಆಗ್ಬೇಕಿತ್ತಾ?" ಎಂದಳು ಹೆಂಡತಿ ಹೊರಗೆ ಬಂದು.

ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಬೆಂಚಿನ ಮೇಲೆ ಕೂತ. ಪರದೆ ಸರಿಸಿ ಫಿಸಿಯೋ ತಲೆ ಹಾಕಿದ. "ಭಾವಾ, ಒಳಗೆ ಬನ್ನಿ. ಮನೇಲಿ ಮಾಡ್ಸೋರು ನೀವೇ ಅಲ್ವಾ?"

ಮೊಣಕೈ ಎಲ್ಲಿ ಹಿಡಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಿಕೊಟ್ಟು, ಪಕ್ಕದ ಹಾಸಿಗೆಯ ಮುದುಕನ ಕಡೆ ಹೋದ. ಡ್ರೈವರ್ ಎರಡೂ ಕೈಯಲ್ಲಿ ಅವಳ ತೋಳನ್ನು ಹಿಡಿದು ನಿಂತ.

"ನೋಯುತ್ತಾ?"

"ತುಂಬಾ."

ಅವನು ಅಲ್ಲೇ ನಿಲ್ಲಿಸಿ ಕಾದ. ಅವಳ ಮುಖ ಗೋಡೆಯ ಕಡೆಗೇ ಇತ್ತು. ಬಿಗಿಹಿಡಿದಿದ್ದ ತೋಳಿನ ಭಾರ ಮಾತ್ರ ಸ್ವಲ್ಪ ಸ್ವಲ್ಪವಾಗಿ ಅವನ ಅಂಗೈಗೆ ಇಳಿಯತೊಡಗಿತು.