ನಾಲ್ಕೂವರೆಯ ಪಿಳ್ಳಣ್ಣ

ನನ್ನ ತಮ್ಮ ಪಿಳ್ಳಣ್ಣ ನಡೆದರೆ ಹೆಜ್ಜೆಯ ಸದ್ದು ಕೇಳುತ್ತಿರಲಿಲ್ಲ. ಆರಡಿಯ ಆಳು, ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದರೂ, ಬಾಗಿಲಿನ ಬೆಳಕು ತುಸು ಮಂಕಾದಾಗಲೇ ಅವನು ಬಂದನೆಂದು ನಮಗೆ ತಿಳಿಯುತ್ತಿದ್ದುದು. ನಲವತ್ತು ವರ್ಷ ರೇಷ್ಮೆಹುಳುವಿನ ಮನೆಯೊಳಗೆ ಓಡಾಡಿ ಅವನ ಪಾದಕ್ಕೆ ಆ ಮೆತ್ತನೆ ಬಂದಿತ್ತು. ಹುಳುವಿಗೆ ಹೊಗೆ ಆಗದೆಂದು ಮದುವೆಗೆ ಮುಂಚೆಯೇ ಬೀಡಿ ಬಿಟ್ಟವನು. ಒಗ್ಗರಣೆಯ ಘಾಟು ಎದ್ದರೆ ಉಣ್ಣುವ ಕೈಯಲ್ಲೇ ಎದ್ದು ಹೋಗಿ ಹುಳುಮನೆಯ ಕದ ಮುಚ್ಚಿ ಬರುವನು. ಹುಳು ಮುಟ್ಟುವ ಮುನ್ನ ಕೈ ತೊಳೆದು ಒರೆಸುವ ಹೆಗಲ ಟವೆಲ್ಲಿನ ಒಂದು ತುದಿ ಸದಾ ಒದ್ದೆ. ಯಾರು ಏನೇ ಕೇಳಲಿ, ಮೊದಲು "ಇರು, ನೋಡಣ" ಎನ್ನುವನು. ಅವನ ಮಟ್ಟಿಗೆ ನೋಡುವುದೆಂದರೆ ಎರಡು ದಿನದ ಕೆಲಸ.

ನನ್ನ ಯಜಮಾನರು ತೀರಿದ ವರ್ಷ, ದೇವನಹಳ್ಳಿ ಸೀಮೆಯ ವಿಜಯಪುರದ ಪಕ್ಕದ ಈ ಊರಿಗೆ ನನ್ನನ್ನು ಕರೆತಂದು ಇಟ್ಟುಕೊಂಡವನು ಅವನೇ. ಮನೆಯಲ್ಲಿ ಅವನ ಸೊಸೆ ಚೈತ್ರ, ಮೊಮ್ಮಗಳು ಹರ್ಷಿತ. ಮಗ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿದ್ದು ಭಾನುವಾರ ಬಂದು ಹೋಗುತ್ತಿದ್ದ.

ಹರ್ಷಿತ ಎರಡನೇ ಕ್ಲಾಸಿಗೆ ಬಂದರೂ ಬೆಂಚಿನ ಮೇಲೆ ಐದು ನಿಮಿಷ ಕೂತವಳಲ್ಲ. ದೇವನಹಳ್ಳಿಯ ಡಾಕ್ಟರಮ್ಮ ಅದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿ, ಬೆಳಿಗ್ಗೆ ತಿಂಡಿಯ ಮೇಲೆ ಒಂದು ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳಲ್ಲಿ ಮಗು ತನ್ನ ಹೆಸರನ್ನು ಗೆರೆ ದಾಟದ ಹಾಗೆ ಬರೆಯಿತು. ಪಿಳ್ಳಣ್ಣ ಆ ಹಾಳೆಯನ್ನು ಹುಳುಮನೆಯ ಕದಕ್ಕೆ ಅಂಟಿಸಿದ. ಆದರೆ ಸಂಜೆ ನಾಲ್ಕೂವರೆಗೆ ಸ್ಕೂಲ್ ವ್ಯಾನು ಇಳಿಸಿ ಹೋಗುತ್ತಿದ್ದ ಮಗು ಬೇರೆಯೇ. ಮಾತ್ರೆಯ ಬಲ ಇಳಿಯುವ ಹೊತ್ತು ಅದು. ಚೀಲ ಎಸೆಯುವಳು, ಗೋಡೆಗೆ ಒದೆಯುವಳು, ಕಾಲುಚೀಲ ಚುಚ್ಚಿತೆಂದು ನೆಲಕ್ಕೆ ಬಿದ್ದು ಅಳುವಳು.

ಪಿಳ್ಳಣ್ಣ ತನ್ನ ಎರಡು ದಿನ ನೋಡಿದ. ಹುಳು ಪೊರೆ ಬಿಡುವ ಮುನ್ನ ಸೊಪ್ಪು ತೊರೆದು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸದ್ದು ಕೂಡದು, ಮುಟ್ಟಕೂಡದು, ಸೊಪ್ಪನ್ನೂ ಹಾಕಕೂಡದು. ಎಲ್ಲವೂ ಪೊರೆ ಬಿಟ್ಟು ಎದ್ದ ಮೇಲೆಯೇ ಎಳೆಯ ಸೊಪ್ಪು. ಮಗುವಿಗೂ ಅದೇ ಕಟ್ಟಳೆ ಮಾಡಿದ. ಟಿವಿ ನಿಂತಿತು, ಹೋಮ್‌ವರ್ಕಿನ ಮಾತು ನಿಂತಿತು, ಅದರಿಂದ ಒಳ್ಳೆಯದೇ ಆಯಿತು. ಆದರೆ ತಟ್ಟೆಯನ್ನೂ ನಿಲ್ಲಿಸಿಬಿಟ್ಟ. ನಾನು ಏನಾದರೂ ಕೊಡಲು ಹೋದರೆ ಕೈ ಅಡ್ಡ ಹಿಡಿದು, "ಏಳ್ಲಿ ಕಣಕ್ಕ, ಜ್ವರದಾಗೆ ಹಾಕಿದ್ರೆ ಕೆಡ್ತದೆ" ಎನ್ನುವನು. ಮಗುವಿಗೆ ಸಮಾಧಾನವಾಗುವ ಹೊತ್ತಿಗೆ ಆರೂವರೆ, ಏಳು; ಅಷ್ಟರಲ್ಲಿ ಹಸಿವು ಸತ್ತು ಕಣ್ಣಿಗೆ ನಿದ್ದೆ ಹತ್ತಿರುತ್ತಿತ್ತು. ದೀಪಾವಳಿಗೆ ಹೊಲಿಸಿದ ಫ್ರಾಕು ಯುಗಾದಿಗೆ ಭುಜದಿಂದ ಜಾರತೊಡಗಿತು.

ಒಂದು ಸಂಜೆ ಮಗು ತಾಯಿಯ ಕೈಯನ್ನು ರಕ್ತ ಬರುವಂತೆ ಕಚ್ಚಿತು. ಚೈತ್ರ ಮಾತ್ರೆಯ ಶೀಟನ್ನು ತಂದು ಮಾವನ ಮುಂದೆ ಇಟ್ಟಳು.

"ಈ ಮಾತ್ರೆ ನನ್ ಮಗೂನ ತಿಂತಾ ಐತೆ ಮಾವ. ನಾಳೆಯಿಂದ ಕೊಡಲ್ಲ. ಓದ್ದೇ ಇದ್ರೆ ಕತ್ತೆ ಬಾಲ, ಮಗು ಇದ್ರೆ ಸಾಕು ನಂಗೆ."

ಅವನು ಕದದ ಮೇಲಿನ ಹಾಳೆಯನ್ನು ನೋಡಿದ. ಆವತ್ತು ಎರಡು ದಿನ ಕೇಳಲಿಲ್ಲ. ಮಾರನೆಯ ಬೆಳಿಗ್ಗೆಯೇ ಎಲ್ಲರನ್ನೂ ದೇವನಹಳ್ಳಿಗೆ ಹೊರಡಿಸಿದ.

ಡಾಕ್ಟರಮ್ಮ ಕೇಳಿದ್ದು ಸಣ್ಣ ಪ್ರಶ್ನೆಗಳು. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸು ಬರುತ್ತದೆಂದು ಚೈತ್ರ ಹೇಳಿದಳು. ಸ್ಕೂಲಿಂದ ಬಂದ ಕೂಡಲೇ ಏನು ಕೊಡುತ್ತೀರಿ ಎಂದೂ ಕೇಳಿದರು. "ಆ ಹೊತ್ನಾಗೆ ಕೊಡಬೇಡಿ ಅಂದೋನು ನಾನೇ ತಾಯಿ" ಎಂದ ಪಿಳ್ಳಣ್ಣ. ಆಕೆ ಬೈಯಲಿಲ್ಲ. ಮಾತ್ರೆ ಹಗಲಿನ ಹಸಿವನ್ನು ಅಡಗಿಸುತ್ತದೆ, ಅದರ ಬಲ ಇಳಿಯುವಾಗ ಚಡಪಡಿಕೆ ದುಪ್ಪಟ್ಟಾಗುತ್ತದೆ, ಅದರ ಮೇಲೆ ಖಾಲಿ ಹೊಟ್ಟೆಯೂ ಸೇರಿದರೆ ಮಗು ಏನು ಮಾಡೀತು ಎಂದರು. ವ್ಯಾನು ಇಳಿದ ಕೂಡಲೇ ತಿನ್ನಲು ಕೊಡಿ, ಮನೆ ತಣ್ಣಗಿರಲಿ, ಯಾವ ಹೊತ್ತಿಗೆ ಹೇಗಿದ್ದಳೆಂದು ಬರೆದು ತನ್ನಿ, ಬೇಕಾದರೆ ಮಾತ್ರೆಯನ್ನು ನಾನೇ ಬದಲಿಸುತ್ತೇನೆ, ನೀವಾಗಿ ನಿಲ್ಲಿಸಬೇಡಿ ಎಂದರು.

ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದ. "ನಲವತ್ತು ವರ್ಷ ಹುಳ ಸಾಕ್ದೆ ಅಕ್ಕ. ಮನೇಲಿ ಮಗು ಹಸಿದಿರೋದು ಕಾಣ್ಲಿಲ್ಲ ನಂಗೆ."

ಅಂದಿನಿಂದ ಅವನಿಗೆ ಒಂದು ಹಟ ಹತ್ತಿತು. ಬೆಳಿಗ್ಗೆಯೇ ಕಡಲೆಕಾಯಿ, ಬೆಲ್ಲ ಕುಟ್ಟಿ ಉಂಡೆ ಕಟ್ಟಿಡುವನು. ನಾಲ್ಕೂ ಇಪ್ಪತ್ತಕ್ಕೆ ಜಗಲಿಯ ಅಂಚಿನಲ್ಲಿ ಎರಡು ಉಂಡೆ ಇಟ್ಟು, ಒಂದು ಮಾರು ದೂರ ಸರಿದು, ಮುಖ ಆಚೆ ತಿರುಗಿಸಿ ಕೂರುವನು. ಕರೆಯುವುದಿಲ್ಲ, ತಿನ್ನು ಎನ್ನುವುದಿಲ್ಲ. ಬಿಕ್ಕುತ್ತಲೇ ಒಂದು ಪುಟ್ಟ ಕೈ ಬಂದು ಉಂಡೆ ಎತ್ತಿಕೊಂಡಿತೋ, ಆಗ ಎದ್ದು ಒಳಗೆ ಬಂದು ತನ್ನ ಮಧ್ಯಾಹ್ನದ ಮುದ್ದೆ ಉಣ್ಣುವನು. ಅಲ್ಲಿಯವರೆಗೆ ಅವನದೂ ಖಾಲಿ ಹೊಟ್ಟೆಯೇ. ನಾನು ಎಷ್ಟು ಬೈದರೂ "ಇರಕ್ಕ" ಎಂದಷ್ಟೇ ಅಂದ. ಮಗುವಿನ ಸಿಟ್ಟು ಮಾಯವಾಗಲಿಲ್ಲ. ಎರಡು ಗಂಟೆಯದು ಅರ್ಧ ಗಂಟೆಗೆ ಇಳಿಯಿತು. ಚೈತ್ರ ಮಾತ್ರೆ ನಿಲ್ಲಿಸಲಿಲ್ಲ.

ಕಳೆದ ಮಾಘದಲ್ಲಿ, ಮಧ್ಯಾಹ್ನ ಒಂದರ ಹೊತ್ತಿಗೆ, ಹುಳುಮನೆಯ ಹೊಸ್ತಿಲಲ್ಲಿ ಸೊಪ್ಪಿನ ಪುಟ್ಟಿಯ ಪಕ್ಕದಲ್ಲೇ ಪಿಳ್ಳಣ್ಣ ಒರಗಿಬಿಟ್ಟ. ನಾಲ್ಕರ ಹೊತ್ತಿಗೆ ಅಂಗಳ ತುಂಬಿತ್ತು. ಅವನನ್ನು ಅದೇ ಜಗಲಿಯ ಮೇಲೆ ಮಲಗಿಸಿ, ದಾಬಸ್‌ಪೇಟೆಯಿಂದ ಮಗ ಬರುವುದನ್ನು ಕಾಯುತ್ತಿದ್ದರು. ಹೆಣ ಏಳುವವರೆಗೆ ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ಯಾರೂ ಏನನ್ನೂ ಬಾಯಿಗೆ ಹಾಕುವುದಿಲ್ಲ. ಒಡಹುಟ್ಟಿದವಳು ನಾನು, ಎಲ್ಲರಿಗಿಂತ ಮುಂದೆ ನಿಂತು ಹಾಡಿ ಅಳಬೇಕಾದವಳು. ಅಷ್ಟರಲ್ಲಿ ವ್ಯಾನು ಬಂತು.

ಮಗುವನ್ನು ಕಂಡು ಹೆಂಗಸರ ಗೋಳು ಇನ್ನೂ ಏರಿತು. ತಾತನ ಮುಖ ನೋಡೆಂದು ಎಳೆದರು. ಅವಳು ಎರಡೂ ಕಿವಿ ಮುಚ್ಚಿ ಕಿರುಚಿ, ತಲೆಯ ಬಳಿಯ ದೀಪವನ್ನು ಒದ್ದುಬಿಟ್ಟಳು. ಯಾರೋ ಕೈ ಹಿಡೀರಿ ಎಂದರು, ಯಾರೋ ಗಾಳಿ ಸೋಕಿದೆ ಎಂದರು. ಚೈತ್ರ ಮಾವನ ಕಾಲ ಬಳಿ ಬಿದ್ದವಳು ಏಳುವ ಸ್ಥಿತಿಯಲ್ಲಿರಲಿಲ್ಲ. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದೆ.

"ಅರ್ಧ ಗಂಟೆ ಸುಮ್ಕಿರ್ರವ್ವಾ. ಆಮೇಲೆ ಅಳಾಣ."

ಕಲ್ಲೆದೆಯವಳೆಂದು ಅವರ ಕಣ್ಣೇ ಹೇಳಿತು. ಪಿಳ್ಳಣ್ಣ ಬೆಳಿಗ್ಗೆ ಕಟ್ಟಿಟ್ಟಿದ್ದ ಎರಡು ಉಂಡೆ ತಂದು, ಜಗಲಿಯ ಅಂಚಿನಲ್ಲಿ, ಅವನ ಪಾದದ ಪಕ್ಕದಲ್ಲಿ ಇಟ್ಟೆ. ಒಂದು ಮಾರು ದೂರ ಸರಿದು ಮುಖ ತಿರುಗಿಸಿ ಕೂತೆ. ಅಂಗಳ ನಿಶ್ಶಬ್ದವಾಯಿತು. ಪಕ್ಕದ ಮನೆಯ ಬೈರಣ್ಣ ಸೊಪ್ಪು ಹಾಕಿ ಬಂದಿದ್ದರಿಂದ, ಒಳಗೆ ಹುಳು ಮೇಯುವ ಸದ್ದೊಂದೇ ಕೇಳುತ್ತಿತ್ತು. ಬಹಳ ಹೊತ್ತಿಗೆ ಆ ಪುಟ್ಟ ಕೈ ಬಂತು. ಒಂದು ಉಂಡೆಯನ್ನು ಪೂರ್ತಿ ತಿಂದಳು. ಇನ್ನೊಂದನ್ನು ಎತ್ತಿಕೊಂಡು ತಾತನ ಮುಖದ ಬಳಿ ಹೋದಳು.

"ನಾನ್ ತಿಂದೆ ತಾತ. ಈಗ ನೀನು ಉಣ್ಣು."

ಸಾಕುವ ಜನ ಇರುವುದೇ ಹೀಗೆ. ಒಂದು ಜೀವವನ್ನು ಬೆಳೆಸಿ ಕಲಿತದ್ದನ್ನೇ ಇನ್ನೊಂದು ಜೀವಕ್ಕೂ ಹಚ್ಚುತ್ತಾರೆ. ಅದು ತಪ್ಪೆಂದು ತಿಳಿದ ದಿನ ನಲವತ್ತು ವರ್ಷದ ವಿದ್ಯೆಯನ್ನು ಹೊಸ್ತಿಲಾಚೆ ಬಿಟ್ಟು ಬರುತ್ತಾರೆ. ಕ್ಷಮಿಸು ಎಂದು ಕೇಳಲು ಅವರಿಗೆ ಬಾರದು. ನಾಳೆ, ನಾಡಿದ್ದು, ಬದುಕಿರುವಷ್ಟು ದಿನ, ಅದೇ ಹೊತ್ತಿಗೆ ತುತ್ತು ಇಟ್ಟು ತಾವು ಹಸಿದು ಕಾಯುವುದೊಂದೇ ಅವರಿಗೆ ಬರುವ ಮಾತು.