ಜಿಲೇಬಿ ಮೀನಿನ ಗುಂಡಿ

ಸರ್ಫರಾಜನಿಗೆ ಯಾವ ಕೆಲಸವೂ ಕೈಹತ್ತುವುದಿಲ್ಲ ಎಂದು ಕೊಲ್ಹಾರದ ಮಂದಿಯೆಲ್ಲ ಆಸೆ ಬಿಟ್ಟ ಮೇಲೆ ಅವನು ಮಾಲವಣದ ಸಮುದ್ರ ಸೇರಿದ. ದಡಕ್ಕೆ ಹತ್ತಿರದಲ್ಲೇ ಪ್ರವಾಸಿಗಳ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿ, ಬಾಯಿಗೆ ಉಸಿರಾಡುವ ಕೊಳವೆ ಕೊಟ್ಟು, ನೀರಿನ ಮೇಲೆ ಬೋರಲು ಮಲಗಿಸಿ ಮೀನು ತೋರಿಸುವುದು ಅಲ್ಲಿ ಅವನ ಕೆಲಸ. ಇದಕ್ಕೂ ಪಗಾರ ಕೊಡುತ್ತಾರೆಯೇ ಎಂದು ಊರು ಬಾಯಿ ತೆರೆಯಿತು. 2006ರ ಹೋಳಿಯ ಸುಮಾರಿಗೆ ರಜೆಯ ಮೇಲೆ ಅಕ್ಕ ನಜಮಾಳ ಮನೆಗೆ ಬಂದವನು ಚೀಲದಲ್ಲಿ ಅಂಥದೊಂದು ಮುಖವಾಡವನ್ನೂ ಕೊಳವೆಯನ್ನೂ ತಂದಿದ್ದ. ಹಳದಿ ಪಟ್ಟೆಯ ಮೀನು, ಮರಳಿನಲ್ಲಿ ಹೂತು ಕಣ್ಣಷ್ಟೇ ಹೊರಗಿಟ್ಟ ತೊರಕೆ ಮೀನು, ಅದನ್ನು ಕಂಡು ಕೊಳವೆಯಲ್ಲೇ ಚೀರಿದ ಪುಣೆಯ ಸಾಹುಕಾರ ಎಂದು ಕೈ ಬಾಯಿ ಆಡಿಸಿ ಹೇಳಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಜಮಾ ಮಾತ್ರ, ನೀರಿನ ತಳ ನಿಜವಾಗಿಯೂ ಅಷ್ಟು ನಿಚ್ಚಳ ಕಾಣುತ್ತದೆಯೇ ಎಂದು ಕೇಳಿದಳು.

ಅವಳಿಗೆ ಮೀನು ಬೇಕಾಗಿರಲಿಲ್ಲ. ಹಳೇ ಕೊಲ್ಹಾರ ಮುಳುಗುವುದಕ್ಕೆ ಮುಂಚೆ ಅವಳ ಚೊಚ್ಚಲ ಮಗಳು ಶಮಾ ಮೊಲೆ ಬಿಡುವ ಮೊದಲೇ ಜ್ವರದಲ್ಲಿ ಹೋಗಿದ್ದಳು. ಗಂಡ ನಿಜಾಮುದ್ದೀನ ಕೂಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗಂಡಸರ ಜೊತೆ ಹೋದ, ಬರಿಗೈಯಲ್ಲಿ ಬಂದ. ಅವರ ಕಡೆ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಮಗಳನ್ನು ಎಲ್ಲಿ ಮಲಗಿಸಿದರು ಎನ್ನುವುದನ್ನು ನಜಮಾ ಕಣ್ಣಾರೆ ಕಂಡಿರಲಿಲ್ಲ. ಆಮೇಲೆ ಕೃಷ್ಣೆಯ ಹಿನ್ನೀರು ಏರಿತು, ಜನ ಗಂಟುಮೂಟೆ ಕಟ್ಟಿಕೊಂಡು ಮೇಲಿನ ಹೊಸ ಊರಿಗೆ ಬಂದರು, ಗೋರಿಗಳು ಇದ್ದಲ್ಲೇ ಉಳಿದವು. ಆಮೇಲೆ ಇಬ್ಬರು ಗಂಡುಮಕ್ಕಳಾದರು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಅವಳು ಮೂರು ಎಂದೇ ಹೇಳುತ್ತಿದ್ದಳು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಂಡು ಇರುತ್ತಿದ್ದಳು. ಆದರೆ ಹೋದ ಬೇಸಿಗೆಯಲ್ಲಿ ನೀರು ತಳಕ್ಕಿಳಿದು ದಂಡೆ ತೆರೆದಾಗ, ಅಲ್ಲಿಯ ಹೂಳಿಗೆ ಇಂಡಿ ಕಡೆಯ ನಿಂಬೆ ತೋಟದವರು ಮುಗಿಬಿದ್ದರು. ನಿಜಾಮುದ್ದೀನ ಬಾಡಿಗೆ ಟ್ರ್ಯಾಕ್ಟರ್ ಹೊಡೆಯುವವ. ಅವನೂ ಹೂಳು ಹೇರಿದ. ಒಂದು ದಿನ ನಳದ ಹತ್ತಿರ ಓಣಿಯ ಶಮಶಾದಬಿ, ಹಳೇ ಖಬರಸ್ತಾನದ ಕಡೆಗೂ ಅಗೆಯುತ್ತಿದ್ದಾರಂತೆ, ನಿನ್ನ ಗಂಡನ ಗಾಡಿಯೂ ಅಲ್ಲೇ ನಿಂತಿತ್ತಂತೆ ಎಂದು ಹೇಳಿ, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು. ಇಂಥವರಿಗೆ ಸುದ್ದಿ ಇಳಿಸಿ ಹಗುರಾಗುವುದಷ್ಟೇ ಗೊತ್ತು, ಅದು ಯಾರ ಎದೆಯ ಮೇಲೆ ಬಿತ್ತು ಎಂದು ತಿರುಗಿ ನೋಡುವುದಿಲ್ಲ. ನಜಮಾ ಗಂಡನನ್ನು ಕೇಳಿದಳು. ಆ ಕಡೆ ಕಾಲೇ ಇಟ್ಟಿಲ್ಲ ಎಂದ. ಹಾಗೆ ಹೇಳುವಾಗ ಅವನ ಕಣ್ಣು ರೊಟ್ಟಿಯ ಮೇಲಿತ್ತು.

ಅಂದಿನಿಂದ ಅವರ ನಡುವೆ ಉಪ್ಪು, ಖಾರ, ಸಾಲಿಯ ಫೀಜಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಅವನ ಅಂಗಿ ಒಗೆಯುವಾಗ ಹೂಳಿನ ಕಲೆ ಕಂಡರೆ ಅದನ್ನು ಕಲ್ಲಿನ ಮೇಲೆಯೇ ಬಿಟ್ಟು ಏಳುತ್ತಿದ್ದಳು. ಯಾವ ನಿಂಬೆ ಗಿಡದ ಬುಡದಲ್ಲಿ ಯಾರ ಮಣ್ಣು ಬಿದ್ದಿದೆಯೋ ಎಂದು ಸಂತೆಯಲ್ಲಿ ನಿಂಬೆಹಣ್ಣು ಮುಟ್ಟುವುದನ್ನೂ ಬಿಟ್ಟಳು. ಹುಚ್ಚು ಎಂದರೆ ಹುಚ್ಚು, ಆದರೆ ಆ ಹುಚ್ಚನ್ನು ಬಿಡಿಸುವ ಒಂದು ಮಾತು ಅವಳಿಗೆ ಎಲ್ಲಿಯೂ ಸಿಗಲಿಲ್ಲ. ಮಳೆಗಾಲದಲ್ಲಿ ನೀರು ತಿರುಗಿ ಬಂದು ಎಲ್ಲವನ್ನೂ ಮುಚ್ಚಿತು. ಇನ್ನೊಂದು ಬೇಸಿಗೆಗೆ ನೀರು ಇಳಿದರೆ ಅದು ಮತ್ತೆ ಖಬರಸ್ತಾನ, ಮತ್ತೆ ಹೆಂಗಸಿಗೆ ಬಂದ್. ನೀರು ಇರುವವರೆಗೆ ಅದು ಬರೀ ಹೊಳೆ. ಹೊಳೆಗೆ ಇಳಿಯಬೇಡ ಎಂದು ಯಾರು ಅಂದಾರು?

ತಮ್ಮನಿಗೆ ಇದೊಂದನ್ನೂ ಹೇಳದೆ, ನನಗೂ ಮೀನು ತೋರಿಸು ಎಂದು ಗಂಟುಬಿದ್ದಳು. ಅತ್ತೆ ಮಾಬುಬಿ ಗಲ್ಲಕ್ಕೆ ಕೈ ಹಚ್ಚಿ ಕೂತಳು. ಹಿನ್ನೀರಿನಲ್ಲಿ ಮೊಸಳೆ ಇದೆ ಎಂದು ಮೀನು ಹಿಡಿಯುವವರು ಹೇಳುತ್ತಾರೆ, ಎರಡು ಮಕ್ಕಳ ತಾಯಿ ಇಂಥ ಆಟ ಆಡುವುದೇ ಎಂದು ಗೊಣಗಿದಳು. ಮೊಸಳೆಯ ಮಾತು ಕಿವಿಗೆ ಬಿದ್ದದ್ದೇ ನಿಜಾಮುದ್ದೀನ ಚಪ್ಪಲಿ ಮೆಟ್ಟಿ ಹಿಂದೆ ಬಂದ. ದಂಡೆಯ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

ಬಿಸಿಲು ಏರಿತ್ತು, ನೀರು ತಿಳಿಯಾಗಿತ್ತು. ನಜಮಾ ತಾನೇ ಜಾಗ ಆರಿಸಿದಳು. ಒಣಗಿ ನಿಂತ ಬೇವಿನ ಬೊಡ್ಡೆಯ ಈಚೆ, ದಂಡೆಯಿಂದ ಕೂಗಿದರೆ ಕೇಳುವಷ್ಟು ದೂರ. ಅಲ್ಲೇ ಖಬರಸ್ತಾನದ ಅಂಚು ಎಂದು ಅವಳು ಕೇಳಿ ಬಲ್ಲಳು. ಸೀರೆಯ ಸೆರಗು ಬಿಗಿದು ಸೊಂಟದಷ್ಟು ನೀರಿಗೆ ಇಳಿದಳು. ಸರ್ಫರಾಜ ಮುಖವಾಡ ಕಟ್ಟಿ, ಮೂಗು ಮರೆತುಬಿಡು, ಬಾಯಿಂದ ಉಸಿರಾಡು ಎಂದು ಪಾಠ ಹೇಳಿ, ಅವಳ ಕೈ ಹಿಡಿದು ನೀರಿನ ಮೇಲೆ ಚಾಚಿದ.

ಮೊದಲು ತನ್ನ ಉಸಿರಿನ ಸಪ್ಪಳ ಬಿಟ್ಟು ಬೇರೇನೂ ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಕಣ್ಣು ಹೊಂದಿಕೊಂಡವು. ಬೆಳ್ಳನೆಯ ಸಣ್ಣ ಮೀನುಗಳ ಹಿಂಡೊಂದು ಒಮ್ಮೆಲೇ ಬಗ್ಗಿ ಓಡಿತು. ಪಾಚಿಯ ಮರೆಯಿಂದ ಒಂದು ಆಮೆ ಎದ್ದು, ಮೂತಿ ಉದ್ದ ಮಾಡಿ ಇವಳನ್ನು ನೋಡಿ, ಕೆಸರಿನಲ್ಲಿ ಅಡಗಿತು. ಬೇರೆ ದಿನವಾಗಿದ್ದರೆ ಅವಳು ಕೂಸಿನ ಹಾಗೆ ಹಿಗ್ಗುತ್ತಿದ್ದಳು. ಈಗ ಅವಳ ಕಣ್ಣು ತಳವನ್ನಷ್ಟೇ ಹುಡುಕುತ್ತಿತ್ತು.

ಸ್ವಲ್ಪ ಮುಂದೆ ತಳದಲ್ಲಿ ಗುಂಡಿಗಳು ಕಂಡವು. ಒಂದಲ್ಲ, ಸಾಲಾಗಿ. ಹಿಟ್ಟು ನಾದುವ ಪರಾತದಷ್ಟು ಅಗಲ, ದುಂಡಗೆ, ಯಾರೋ ಈಗಷ್ಟೇ ಮಣ್ಣು ತೆಗೆದುಕೊಂಡು ಹೋದ ಹಾಗೆ ಅಂಚು ಕುಸಿಯದೆ ನಿಂತಿತ್ತು. ಒಂದು ಕೂಸಿಗೆ ಎಷ್ಟು ದೊಡ್ಡ ಜಾಗ ಬೇಕು? ನಜಮಾ ಉಸಿರು ತಪ್ಪಿ ನೀರು ಕುಡಿದು ಎದ್ದು ನಿಂತಳು. ಮುಖವಾಡ ಕಿತ್ತು ಹಣೆಗೆ ಸರಿಸಿ ದಂಡೆಯ ಕಡೆ ತಿರುಗಿದಳು. ಗಂಡನಿಗೆ ಕೇಳುವಂತೆ ಕೂಗಿದಳು.

"ಅಗದೀರಿ ಅಲ್ರಿ. ಮಗಳ ಮಣ್ಣ ಅಗದು ತ್ವಾಟಕ್ಕ ಹಾಕೀರಿ ಅಲ್ರಿ."

ಸರ್ಫರಾಜ ಗಾಬರಿಯಾಗಿ ಅಕ್ಕನ ತೋಳು ಹಿಡಿದುಕೊಂಡ. ಇವು ಮನುಷ್ಯರು ಅಗೆದ ಗುಂಡಿಯಲ್ಲ, ಜಿಲೇಬಿ ಮೀನಿನ ಗುಂಡಿ, ಗಂಡು ಮೀನು ಹೆಣ್ಣನ್ನು ಕರೆಯಲು ಬಾಯಲ್ಲಿ ಮಣ್ಣು ಕಚ್ಚಿ ತೆಗೆಯುತ್ತದೆ, ಹೆಣ್ಣು ತತ್ತಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ ಎಂದು ಪ್ರವಾಸಿಗಳಿಗೆ ಹೇಳುವ ಹಾಗೆ ಒಂದೇ ಸಮನೆ ಹೇಳತೊಡಗಿದ. ಬೇಕಾದರೆ ನೋಡು, ಆ ಕಪ್ಪು ಮೀನು ಗುಂಡಿ ಬಿಟ್ಟು ಕದಲುವುದಿಲ್ಲ ಎಂದ. ಕೇಳುವವರು ಯಾರೂ ಇರಲಿಲ್ಲ. ನಿಜಾಮುದ್ದೀನ ಎದ್ದು ನಿಂತಿದ್ದ. ಬೀಡಿ ಎಲ್ಲಿ ಬಿತ್ತೋ ಅವನಿಗೇ ಗೊತ್ತಿರಲಿಲ್ಲ.

"ಹೋಗಿದ್ದೆ ನಾ," ಎಂದ. "ನಿನಗ ಸುಳ್ಳ ಹೇಳೇನಿ. ಹೂಳ ಮುಚ್ಚಿ ಎಲ್ಲಾ ಸಪಾಟ ಆಗಿತ್ತು, ಖಬರಸ್ತಾನ ಅಂತ ಮೊದಲ ಗುರ್ತ ಹತ್ತಲಿಲ್ಲ. ಗುದ್ದಲಿ ಹಾಕಿದ ಮ್ಯಾಲೆ ಯಾರದೋ ಗೋರಿ ತಲಿಗಲ್ಲ ತಗಲಿತು. ತಗದ ಮಣ್ಣ ಕೈಲೇ ತಿರುಗಿ ಮುಚ್ಚೇನಿ. ನಮ್ಮ ಶಮಾಂದು ಮುಟ್ಟಿಲ್ಲ."

"ನಾ ನಂಬೂದು ಹ್ಯಾಂಗ?"

ಊರು ಮುಳುಗಿದಂದಿನಿಂದ ನಿಜಾಮುದ್ದೀನ ಹೊಳೆಯಲ್ಲಿ ಪಾದ ತೊಯಿಸಿದವನಲ್ಲ, ಈಜು ಬಾರದು, ನೀರೆಂದರೆ ಜೀವ ಹಾರುತ್ತದೆ. ಅಂಥವನು ಚಪ್ಪಲಿ ಬಿಟ್ಟು, ಧೋತರ ಉಟ್ಟ ಹಾಗೇ ಇಳಿದ. ಬೇವಿನ ಬೊಡ್ಡೆಯನ್ನೊಮ್ಮೆ, ಹಿಂದಿನ ದಿನ್ನೆಯನ್ನೊಮ್ಮೆ ನೋಡಿ ಅಂದಾಜು ಹಿಡಿದು, ಗುಂಡಿಗಳನ್ನು ದಾಟಿ, ನೀರು ಎದೆಗೆ ಬರುವವರೆಗೆ ನಡೆದ. ಮುಂದೆ ಕಾಲಿನಿಂದ ತಳವನ್ನು ಮೆಲ್ಲಗೆ ತಡಕಿದ. ನಿಂತ. ಅವನ ತುಟಿ ಬೆಳ್ಳಗಾಗಿದ್ದವು.

"ಇಲ್ಲೈತಿ. ಅವತ್ತ ಬೇವಿನ ಗುರ್ತ ಹಿಡದು ಅಕಿ ಜಾಗಾ ಹುಡುಕೇನಿ, ಮ್ಯಾಲಿನ ಹೂಳಷ್ಟ ಸರಿಸಿ ಸುತ್ತ ಕಲ್ಲ ಇಟ್ಟೇನಿ. ನೋಡ ಬಾ."

ನಜಮಾಳ ಕಾಲು ಮುಂದೆ ಬರಲಿಲ್ಲ. ಇಷ್ಟು ದಿನ ನೋಡಬೇಕು ನೋಡಬೇಕು ಎಂದು ಸಾಯುತ್ತಿದ್ದವಳಿಗೆ ಈಗ ನೋಡುವುದೇ ಹೆದರಿಕೆಯಾಯಿತು. ಕಲ್ಲು ಇಲ್ಲದಿದ್ದರೆ ಈ ಮನುಷ್ಯನ ಜೊತೆ ಒಂದೇ ಮಾಡಿನ ಕೆಳಗೆ ಹೇಗೆ ಬದುಕುವುದು? ಸರ್ಫರಾಜ ಅವಳ ಮುಖವಾಡ ಕೆಳಗೆ ಸರಿಸಿ, ಕೊಳವೆ ಬಾಯಿಗಿಟ್ಟು, ಮೆಲ್ಲಗೆ ಎಳೆದುಕೊಂಡು ಹೋದ.

ತಳದಲ್ಲಿ ಮೊದಲು ಕಂಡದ್ದು ಗಂಡನ ಪಾದಗಳು. ಒಂದಕ್ಕೊಂದು ಅಂಟಿಸಿ, ಬೆರಳುಗಳನ್ನು ಒಳಕ್ಕೆ ಎಳೆದುಕೊಂಡು ನಿಂತಿದ್ದ, ನೆಲದ ಮೇಲೆ ಮಲಗಿಸಿದ ಕೂಸಿನ ಪಕ್ಕ ಜಾಗ ಸಾಲದೆ ನಿಂತವರ ಹಾಗೆ. ನೀರಿನ ಸೆಳೆತಕ್ಕೆ ಮೈ ತೂಗಿದಾಗಲೂ ಪಾದ ಕದಲಿಸಲಿಲ್ಲ. ಅವುಗಳ ಮುಂದೆ, ಒಂದು ತೋಳಿನಷ್ಟು ಉದ್ದಕ್ಕೆ, ಮುಷ್ಟಿ ಗಾತ್ರದ ಕಲ್ಲುಗಳ ಸುತ್ತು. ನಡುವೆ ಮಣ್ಣು ನುಣ್ಣಗಿತ್ತು. ಒಂದು ಗೀರೂ ಇರಲಿಲ್ಲ.

ಮುಖವಾಡದೊಳಗೆ ಕಣ್ಣೀರು ತುಂಬಿ ಏನೂ ಕಾಣದಂತಾದಾಗ ತಲೆ ಎತ್ತಿದಳು. ನಿಜಾಮುದ್ದೀನ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಕಾಲು ಕೆಳಗಿಡಲು ಹೋಗಿ, ಇಡದೆ, ತಮ್ಮನ ಕೊರಳಿಗೆ ಜೋತುಬಿದ್ದಳು.

"ನಾ ಎಲ್ಲಿ ನಿಂದರಲಿ ರೀ?" ಎಂದು ಗಂಡನನ್ನು ಕೇಳಿದಳು.

ಅವನು ಕೈ ಚಾಚಿ ಅವಳ ಮುಂಗೈ ಹಿಡಿದು, ತನ್ನ ಮಗ್ಗುಲಿಗೆ ಎಳೆದುಕೊಂಡ. "ಇಲ್ಲಿ ನಿಂದರು," ಎಂದ. "ಇಲ್ಲಿ ನಿಂತ್ರ ಅಕಿಗೆ ತಗಲೂದಿಲ್ಲ."