ಕೌದಿಯ ಹೊಟ್ಟೆಗೆ ಹೋಳಿಗೆ

೧೯೭೪ರ ಮುಂಬಯಿಯಲ್ಲಿ ಕಲೆಯನ್ನು ಉದ್ಧಾರ ಮಾಡುವುದಕ್ಕೆ ಕಲೆ ಗೊತ್ತಿರಬೇಕೆಂದೇನಿರಲಿಲ್ಲ, ಕಂಪನಿಗಳಿಗೆ ದುಡ್ಡು ಕೇಳಿ ಅರ್ಜಿ ಬರೆಯಲು ಬಂದರೆ ಸಾಕಿತ್ತು. ಅದನ್ನು ಕಲಿಸಲೆಂದೇ ಫೋರ್ಟ್ ಬಡಾವಣೆಯ ಒಂದು ಗ್ಯಾಲರಿಯಲ್ಲಿ ಆರು ಶನಿವಾರ ತರಗತಿ ನಡೆಯಿತು. ಕಲಾಪ್ರದರ್ಶನ ಏರ್ಪಡಿಸುವವರಿಗೆ ಕ್ಯುರೇಟರ್ ಎಂಬ ಭಾರೀ ಹೆಸರಿದೆಯೆಂದು ವಿಮಾ ಕಚೇರಿಯ ಗುಮಾಸ್ತ ಬಸವಂತರಾಯನಿಗೆ ತಿಳಿದದ್ದು ಅಲ್ಲಿಯೇ.

ಅವನಿಗಿದ್ದ ಆಸೆ ಒಂದೇ. ಜೋಗೇಶ್ವರಿಯ ಚಾಳಿನಲ್ಲಿ ಭಾಗವ್ವ ಹಳೇ ಸೀರೆಯ ತುಂಡು ಜೋಡಿಸಿ ಹೊಲಿಯುವ ಕೌದಿಗಳನ್ನು ಆ ಗ್ಯಾಲರಿಯ ಬಿಳಿ ಗೋಡೆಗೆ ತೂಗುಹಾಕಬೇಕು. ಭಾಗವ್ವ ಅವನ ಬಂಧುವಲ್ಲ, ಖಾನಾವಳಿಯಾಕೆ. ಆರು ವರ್ಷದಿಂದ ಅವನು ಉಣ್ಣುತ್ತಿದ್ದದ್ದು ಅವಳು ಬಡಿದ ರೊಟ್ಟಿಯನ್ನೇ. "ಅವ್ವಾ, ನಿನ್ನ ಕೌದಿ ಫೋರ್ಟಿಗೆ ಹೋಗ್ತಾವ" ಎಂದು ಮಾತು ಬೇರೆ ಕೊಟ್ಟಿದ್ದ.

ತರಗತಿಯಲ್ಲಿ ಪಾಠ ಹೇಳುತ್ತಿದ್ದ, ಸಯನ್ ಬಡಾವಣೆಯ ಶೀಲಾವತಿ ಅವನ ಅರ್ಜಿಯ ಕರಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಬಣ್ಣ ಚೆಂದ, ಹೊಲಿಗೆ ಚೆಂದ ಅಂದ್ರೆ ಯಾರ್ರೀ ದುಡ್ಡು ಕೊಡ್ತಾರೆ? ಕಂಪನಿಯವರು ಓದಿ ಅಳಬೇಕು. ಆಕೆ ಹಸಿದಿದ್ದಾಳಾ?"

"ಇಲ್ರಿ ಬಾಯಾರ, ಆಕಿನ ನಮಗ ಉಣ್ಣಾಕ ಹಾಕ್ತಾಳ."

"ಪ್ರಪೋಸಲ್‌ನಲ್ಲಿ ಹಸಿದಿರ್ಲಿ."

ಬಸವಂತರಾಯ ಗುರುವಾಕ್ಯ ಮೀರುವವನಲ್ಲ. ಭಾಗವ್ವನ ಎಣ್ಣೆಗಾಯಿಯ ಘಮ ಇನ್ನೂ ಕೈಯಲ್ಲಿರುವಾಗಲೇ ಬರೆದ: ಈಕೆಗೆ ಎರಡು ಹೊತ್ತಿನ ಕೂಳಿಲ್ಲ, ಹಸಿವು ಮರೆಯಲು ಹೊಲಿಯುತ್ತಾಳೆ. ಶೀಲಾವತಿ ಅದನ್ನು ತರಗತಿಗೆಲ್ಲ ಓದಿ ಹೇಳಿದರು. ನಾಚಿಕೆಯಾಗಬೇಕಿತ್ತು. ಅವನ ಎದೆ ಉಬ್ಬಿತು.

ಅರ್ಜಿ ತಲುಪಿದ ಬಣ್ಣದ ಕಂಪನಿಯೊಂದರ ಸಾಹೇಬರು ಈ ಹಸಿವನ್ನು ಕಣ್ಣಾರೆ ನೋಡಲು ಚಾಳಿಗೇ ಬಂದರು. ಭಾಗವ್ವ ಪ್ರದರ್ಶನದ ದೊಡ್ಡ ಕೌದಿ ಮುಗಿಸುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ಹೋಳಿಗೆಯ ಚೂರೊಂದನ್ನು ಇಟ್ಟಳು.

"ಯೇ ಕ್ಯಾ ಹೈ?" ಎಂದರು ಸಾಹೇಬರು.

"ಕೌದಿ ಹೊಟ್ಟಿ ಖಾಲಿ ಇರಬಾರದ್ರಿ. ಅದು ಹಸದ್ರ ಹೊತಗೊಂಡಾವ್ರೂ ಹಸೀತಾರ."

ಬಸವಂತರಾಯ ಬೆವರುತ್ತ ಅದನ್ನು ಹಿಂದಿಯಲ್ಲಿ ಹೇಳಿದ. ಭಾಗವ್ವ ಉಳಿದ ಹೋಳಿಗೆಗೆ ತುಪ್ಪ ಸುರಿದು ಸಾಹೇಬರ ಮುಂದಿಟ್ಟಳು. ಅವರು ಮೂರು ತಿಂದರು.

ಹದಿನೈದು ದಿನಕ್ಕೆ ಕಾಗದ ಬಂತು. ಹೊದಿಕೆಗೂ ಸಿಹಿ ತಿನ್ನಿಸುವವರು ಹಸಿದವರೆಂದು ಕಂಪನಿ ನಂಬಲಾರದು, ಅರ್ಜಿ ತಿರಸ್ಕರಿಸಲಾಗಿದೆ. ತಿಂದ ಮೂರರ ಮಾತು ಅದರಲ್ಲಿರಲಿಲ್ಲ.

"ಅಂಥಾದ್ದೇನ ಬರದಿದ್ಯೋ? ಓದು ನೋಡೂಣು" ಎಂದಳು ಕಾಗದದ ಸುದ್ದಿ ಕೇಳಿದ ಭಾಗವ್ವ. ಇಂಗ್ಲಿಷಿನಲ್ಲಿ ಸಲೀಸಾಗಿದ್ದ ಮಾತು ಕನ್ನಡದಲ್ಲಿ ಅಷ್ಟು ಸಲೀಸಾಗಿರಲಿಲ್ಲ. ಆದರೂ ಓದಿದ.

"ಇದನ್ನ ಬರಿಯೋವಾಗ ನಿನ್ನ ಹೊಟ್ಟಿ ತುಂಬಿತ್ತೇನೋ?"

"ತುಂಬಿತ್ತು, ಅವ್ವಾ."

ಅವಳು ಬೈಯಲಿಲ್ಲ. ಎಂದಿನಂತೆ ತಾಟು ಇಟ್ಟು ಎರಡು ರೊಟ್ಟಿ ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ. ಇನ್ನೊಂದು ಹಾಕಲೇನು ಎಂದು ಮಾತ್ರ ಆ ದಿನ ಅವಳು ಕೇಳಲಿಲ್ಲ.